ಓದುಗರ ಪ್ರಶ್ನೆ: ಎಣ್ಣೆ ಬದಲಾದ್ರೆ ಚಕ್ಲಿ ರುಚಿ ಬದಲಾಗುತ್ತಾ?

ಪ್ರಶ್ನೆ: ಸರ್, ನಾನು ಹಾವೇರಿಯವಳು, ಮನೇಲೇ ಚಕ್ಲಿ ಮಾಡಿ ಅಂಗಡಿಗಳಿಗೆ ಹಾಕ್ತೀನಿ. ಶೇಂಗಾ ಎಣ್ಣೆ ರೇಟು ಏರಿತು ಅಂತ ಎರಡು ತಿಂಗಳಿಂದ ಸೂರ್ಯಕಾಂತಿ ಎಣ್ಣೇಲಿ ಕರೀತಿದೀನಿ. ಮನೆಯವ್ರು, ಅತ್ತೆ, ಪಕ್ಕದ ಮನೆಯವ್ರು ಎಲ್ಲಾ ಏನೂ ಫರಕ್ ಇಲ್ಲ ಅಂತಾರೆ, ಆದ್ರೆ ಇಬ್ರು ಹಳೇ ಗಿರಾಕಿಗಳು ಮೊದಲಿನ ರುಚಿ ಇಲ್ಲ ಅಂದ್ರು. ಯಾರ ಮಾತು ನಂಬ್ಲಿ? ಲ್ಯಾಬ್‌ಗೆ ಕಳಿಸ್ಬೇಕಾ?

ಉತ್ತರ: ಲ್ಯಾಬ್ ಆಮೇಲೆ ನೋಡೋಣ ಅಮ್ಮ. ಚಕ್ಲಿ ಕೈಗೆ ಕೊಟ್ಟು ಎದುರಿಗೇ ನಿಂತು "ಹೆಂಗಿದೆ?" ಅಂದ್ರೆ ಮನೆಯವ್ರು ಚೆನ್ನಾಗಿಲ್ಲ ಅಂತಾರಾ? ಅಲ್ಲಿ ಮಾತಾಡೋದು ದಾಕ್ಷಿಣ್ಯ. ಅದಕ್ಕೇ ರುಚಿ ಪರೀಕ್ಷೆ ಮಾಡೋ ನಮ್ಮ ಫೀಲ್ಡಲ್ಲಿ ಮೊದಲು "ಚೆನ್ನಾಗಿದೆಯಾ" ಅಂತ ಕೇಳೋದೇ ಇಲ್ಲ, ಮೂರು ತುಂಡು ಕೊಟ್ಟು "ಇದರಲ್ಲಿ ಬೇರೆ ಯಾವುದು" ಅಂತ ಕೇಳ್ತೀವಿ. ಟ್ರಯಾಂಗಲ್ ಟೆಸ್ಟ್ ಅಂತಾರೆ, 1940ರ ದಶಕದಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯವ್ರು ಬಳಸಿದ ವಿಧಾನ, ಅಡುಗೆಮನೇಲೂ ಆರಾಮಾಗಿ ಮಾಡ್ಬಹುದು.

ಒಂದೇ ಹಿಟ್ಟು ಕಲಸಿ, ಅರ್ಧ ಶೇಂಗಾ ಎಣ್ಣೇಲಿ ಅರ್ಧ ಸೂರ್ಯಕಾಂತೀಲಿ ಅವತ್ತೇ ಕರೀರಿ, ಬಣ್ಣ ಒಂದೇ ಥರ ಬರ್ಬೇಕು, ಒಂದು ಸ್ವಲ್ಪ ಕೆಂಪಾದ್ರೂ ಎಲ್ಲರೂ ಕಣ್ಣಲ್ಲೇ ಹೇಳಿಬಿಡ್ತಾರೆ. ಮುರಿದು ಒಂದೇ ಸೈಜಿನ ತುಂಡು ಮಾಡಿ. ಪ್ರತಿಯೊಬ್ಬರಿಗೂ ಮೂರು ತಟ್ಟೆ, ಎರಡರಲ್ಲಿ ಒಂದೇ ಎಣ್ಣೇದು, ಒಂದರಲ್ಲಿ ಇನ್ನೊಂದು. ತಟ್ಟೆ ಮೇಲೆ 482, 917, 365 ಹಿಂಗೆ ಏನೋ ಮೂರಂಕಿ ನಂಬರ್ ಬರೀರಿ. ನಾನು ಶುರುವಲ್ಲಿ ಒಂದ್ಸಲ ಮನೇಲಿ ಎರಡು ಥರ ಬಿಸಿಬೇಳೆಬಾತ್ ಮಾಡಿ ಎ, ಬಿ ಅಂತ ಚೀಟಿ ಅಂಟಿಸಿದ್ದೆ, ಮುಕ್ಕಾಲು ಜನ ಎ ಚೆನ್ನಾಗಿದೆ ಅಂದ್ರು, ಚೀಟಿ ಅದಲುಬದಲು ಮಾಡಿದೆ, ಆಗ್ಲೂ ಎ ಚೆನ್ನಾಗಿದೆ! ಎ ಅಂದ್ರೆ ಫಸ್ಟ್ ಕ್ಲಾಸು ಅಂತ ತಲೇಲಿ ಕೂತಿರುತ್ತಲ್ಲ.

ಬೇರೆ ತಟ್ಟೆ ಎಲ್ಲಿಡೋದು, ಯಾವ ಎಣ್ಣೇದು ಎರಡು ಸಲ ಬರೋದು ಅಂತ ಲೆಕ್ಕ ಹಾಕಿದ್ರೆ ಒಟ್ಟು ಆರು ಜೋಡಣೆ ಆಗುತ್ತೆ. ಹನ್ನೆರಡು ಜನ ಸೇರಿಸಿ, ಒಂದೊಂದು ಜೋಡಣೆ ಇಬ್ಬಿಬ್ಬರಿಗೆ. ಮಧ್ಯೆ ನೀರು ಕುಡೀಲಿ. ನೆಗಡಿ ಇರೋರು, ಈಗಷ್ಟೇ ಎಲೆಅಡಿಕೆ ಹಾಕ್ಕೊಂಡೋರು ಬೇಡ. ಬೆಳಗಿಂದ ಬಾಣಲೆ ಮುಂದೆ ನಿಂತಿರೋ ನೀವೂ ಬೇಡ, ಅತ್ತೆನೂ ಬೇಡ, ಆ ಘಮಕ್ಕೆ ಮೂಗು ಒಗ್ಗಿಹೋಗಿರುತ್ತೆ. ಸುಮ್ನೆ ಊಹೆ ಮಾಡಿದ್ರೂ ಹನ್ನೆರಡರಲ್ಲಿ ನಾಲ್ಕು ಜನ ಸರಿ ಹೇಳ್ತಾರೆ, 8 ಅಥವಾ ಜಾಸ್ತಿ ಜನ ಸರಿ ಹೇಳಿದ್ರೆ ಫರಕ್ ಇದೆ ಅಂತ ಒಪ್ಕೋಬಹುದು. ಐದೋ ಆರೋ ಬಂದ್ರೆ ಖುಷಿ ಪಡೋಕೆ ಹೋಗ್ಬೇಡಿ, ಇಷ್ಟು ಕಮ್ಮಿ ಜನರಲ್ಲಿ ಸಣ್ಣ ಫರಕ್ ತಪ್ಪಿಸ್ಕೊಂಡಿರಬಹುದು.

ಇಷ್ಟೆಲ್ಲಾ ಮಾಡಿದ್ಮೇಲೂ ಒಂದು ಬಾಕಿ ಇದೆ, ನನಗೆ ಅನುಮಾನ ಇರೋದೂ ಅಲ್ಲೇ. ಮನೆಯವ್ರು ತಿನ್ನೋದು ಬಾಣಲೆಯಿಂದ ಈಗಷ್ಟೇ ಇಳಿದಿದ್ದು, ಗಿರಾಕಿ ತಿನ್ನೋದು ಅಂಗಡೀಲಿ ಎರಡು ಮೂರು ವಾರ ನೇತಾಡಿದ ಪ್ಯಾಕೆಟ್ಟು. ಮಾಮೂಲಿ ಸೂರ್ಯಕಾಂತಿ ಎಣ್ಣೆ ಶೇಂಗಾ ಎಣ್ಣೆಗಿಂತ ಬೇಗ ಗಾಳಿ-ಬೆಳಕಿಗೆ ಕೆಡುತ್ತೆ, ಅದರಲ್ಲಿ ಲಿನೋಲಿಕ್ ಆಮ್ಲ ಅನ್ನೋ ಬೇಗ ಕೆಡೋ ಕೊಬ್ಬಿನಂಶ ಜಾಸ್ತಿ, ಕಮಟು ವಾಸನೆ ಅಲ್ಲಿಂದಾನೇ ಶುರು. ಹಂಗಾದ್ರೆ ಮನೆಯವ್ರು, ಗಿರಾಕಿಗಳು ಇಬ್ರೂ ಹೇಳಿದ್ದು ನಿಜಾನೇ ಇರಬಹುದು! ಎರಡೂ ಎಣ್ಣೇಲಿ ಕರಿದ ಚಕ್ಲಿ ಪ್ಯಾಕೆಟ್ ಮೂರು ವಾರ ಇಟ್ಟು ಇದೇ ಟೆಸ್ಟ್ ಇನ್ನೊಂದ್ಸಲ ಮಾಡಿ. ಆಮೇಲೆ ಬೇಕಾದ್ರೆ ಲ್ಯಾಬ್‌ಗೆ ಕೊಟ್ಟು ಪೆರಾಕ್ಸೈಡ್ ವ್ಯಾಲ್ಯೂ, ಅಂದ್ರೆ ಎಣ್ಣೆ ಎಷ್ಟು ಕೆಡೋಕೆ ಶುರುವಾಗಿದೆ ಅಂತ ತೋರಿಸೋ ಅಂಕಿ, ನೋಡಿಸಿ.

ಪ್ರಶ್ನೆ: ಫುಡ್ ಸೈನ್ಸ್ ಓದ್ತಿದೀನಿ. ರುಚಿ ನೋಡೋ ಬೂತ್‌ನಲ್ಲಿ ಕೆಂಪು ಲೈಟ್ ಯಾಕೆ? ಟ್ರೇನಿಂಗ್ ಆದವ್ರು ಬಣ್ಣಕ್ಕೆ ಮೋಸ ಹೋಗಲ್ಲ ತಾನೆ?

ಉತ್ತರ: ಹೋಗ್ತಾರೆ, ಒಮ್ಮೊಮ್ಮೆ ಅವ್ರೇ ಜಾಸ್ತಿ. ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟಿಯಲ್ಲಿ ರೋಸ್ ಮೇರಿ ಪ್ಯಾಂಗ್‌ಬಾರ್ನ್ ಅಂತ ಇದ್ರು, ಈ ರುಚಿ ಪರೀಕ್ಷೆ ವಿಷಯಕ್ಕೆ ಪಾಠ, ಪುಸ್ತಕ ಎಲ್ಲಾ ಕಟ್ಟಿಕೊಟ್ಟವ್ರಲ್ಲಿ ಒಬ್ರು. 1963ರಲ್ಲಿ ಅವ್ರೂ ಜೊತೆಯವ್ರೂ ಸಿಹಿ ಇಲ್ಲದ ಬಿಳಿ ವೈನ್‌ಗೆ ಬಣ್ಣ ಬೆರೆಸಿ ಕೊಟ್ರು. ವೈನ್ ಪರಿಚಯ ಚೆನ್ನಾಗಿದ್ದೋರು ಗುಲಾಬಿ ಬಣ್ಣದ್ದು ಸಿಹಿ ಜಾಸ್ತಿ ಅಂದ್ರು, ಏನೂ ಗೊತ್ತಿಲ್ಲದವ್ರ ಮೇಲೆ ಬಣ್ಣದ ಪ್ರಭಾವ ಅಷ್ಟು ಕಾಣಲಿಲ್ಲ. ಗುಲಾಬಿ ವೈನ್ ಸಾಮಾನ್ಯವಾಗಿ ಸಿಹಿ ಅಂತ ಅನುಭವ ಇದ್ದಿದ್ದೇ ಕೈಕೊಟ್ಟಿತ್ತು. ಬಣ್ಣದ ಫರಕ್ ಕಾಣದಿರಲಿ ಅಂತಾನೇ ಕೆಂಪು ಲೈಟು, ಆದ್ರೂ ಗಾಢ-ತಿಳಿ ಫರಕ್ ಪೂರ್ತಿ ಮುಚ್ಚಲ್ಲ, ನೆನಪಿರಲಿ.

ಪ್ರಶ್ನೆ: ನಾಲಿಗೆ ತುದಿ ಸಿಹಿಗೆ, ಹಿಂಭಾಗ ಕಹಿಗೆ ಅಂತ ಮಗಳ ಸ್ಕೂಲಲ್ಲಿ ಚಿತ್ರ ಬರೆಸಿದಾರೆ. ನಿಜಾನಾ?

ಉತ್ತರ: ಇಲ್ಲ. 1901ರಲ್ಲಿ ಹ್ಯಾನಿಗ್ ಅನ್ನೋ ಜರ್ಮನ್ ವಿಜ್ಞಾನಿಗೆ ಕಂಡಿದ್ದು ಜಾಗದಿಂದ ಜಾಗಕ್ಕೆ ತೀರಾ ಸಣ್ಣ ವ್ಯತ್ಯಾಸ, ಅದೇ ಆಮೇಲೆ ಪುಸ್ತಕದಿಂದ ಪುಸ್ತಕಕ್ಕೆ ಊದಿಕೊಂಡು ನಕ್ಷೆ ಆಯ್ತು. ನಾಲಿಗೆ ತುದಿಗೆ ಒಂದು ತೊಟ್ಟು ಹಾಗಲಕಾಯಿ ರಸ ಹಚ್ಚಿ ನೋಡಿ, ಮಗಳ ಮುಖವೇ ಹೇಳುತ್ತೆ. ಪರೀಕ್ಷೇಲಿ ಮಾತ್ರ ಟೀಚರ್ ಹೇಳಿಕೊಟ್ಟಿದ್ದೇ ಬರೀಲಿ ಪಾಪ, ಮಾರ್ಕ್ಸ್ ಯಾಕೆ ಕಳ್ಕೋಬೇಕು.