‘ಗೋ ಯುವರ್ ಓನ್ ವೇ’ ಹಾಡಿನ ನಿಜವಾದ ಅರ್ಥ ಏನು? ಅವಳಿಗೆ ಕ್ಷಮೆ ಕೇಳಲಿಕ್ಕೆ ಇದನ್ನು ಕಳಿಸಲಾ, ‘ಡ್ರೀಮ್ಸ್’ ಕಳಿಸಲಾ?

ಎರಡೂ ಕಳಿಸಬ್ಯಾಡ್ರಿ.

ಇದೇ ‘ಗೋ ಯುವರ್ ಓನ್ ವೇ’ ಹಾಡನ್ನ, ಇದೇ ಕೆಲಸಕ್ಕ, ಕಲಬುರಗಿಯಾಗ ಕುಂತು ಒಬ್ಬಾಕಿಗೆ ಕಳಿಸಿದವ ನಾನು. ‘ಯಾರ ಮೇಲೆ ಬರೆದದ್ದು ಅಂತ ಗೊತ್ತಾದರೆ ಅರ್ಥ ಗೊತ್ತಾದಂತೆ ಅಲ್ಲವೇ’ ಅಂತ ಕೇಳೀರಿ. ಅಲ್ಲ. ನಾ ಕೆಟ್ಟದ್ದೇ ಆ ಮಾತಿನಿಂದ.

ಯಾರ ಮ್ಯಾಲ ಬರೆದದ್ದು ಅಂತ ನನಗ ಪೂರಾ ಗೊತ್ತಿತ್ತು. ಲಿಂಡ್ಸಿ ಬಕಿಂಗ್‌ಹ್ಯಾಮ್, ಸ್ಟೀವಿ ನಿಕ್ಸ್ ಇಬ್ಬರೂ ಜೋಡಿಯಾಗೇ 1974ರ ಕೊನಿಗೆ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿಗೆ ಬಂದದ್ದು, 1976ರಾಗ ‘ರೂಮರ್ಸ್’ ಆಲ್ಬಮ್ಮಿನ ರೆಕಾರ್ಡಿಂಗ್ ನಡೆದಾಗ ಅವರ ಸಂಬಂಧ ಮುರಿದದ್ದು, ಅದೇ ಬ್ಯಾಂಡಿನ ಜಾನ್ ಮತ್ತು ಕ್ರಿಸ್ಟೀನ್ ಮ್ಯಾಕ್‌ವೀ ಗಂಡ-ಹೆಂಡತಿಯೂ ಅದೇ ಹೊತ್ತಿಗೆ ಬ್ಯಾರೆ ಆದದ್ದು, ಎಲ್ಲಾ ಓದಿಕೊಂಡಿದ್ದೆ. ಬಕಿಂಗ್‌ಹ್ಯಾಮ್ ಈ ಹಾಡು ಬರೆದದ್ದು ನಿಕ್ಸ್ ಮ್ಯಾಲೇ. ಇಷ್ಟು ಗೊತ್ತಾದ ಮ್ಯಾಲ ಹಾಡಿನ ಮಾತು ಓದೋದನ್ನೇ ಬಿಟ್ಟೆ. ಎದಿ ಒಡದವನ ಹಾಡು, ಅಂದ್ರ ಪಶ್ಚಾತ್ತಾಪದ ಹಾಡು ಅಂತ ತಿಳಕೊಂಡೆ. ಎದಿ ಒಡೆಯೋದು ಬ್ಯಾರೆ, ತಪ್ಪು ಒಪ್ಪಿಕೊಳ್ಳೋದು ಬ್ಯಾರೆ.

ಸುಪರ್ ಮಾರ್ಕೆಟ್ ಕಡೆ ಒಂದು ಸೈಬರ್ ಕೆಫೆಯಾಗ ಸಾಹಿತ್ಯದ ಪ್ರಿಂಟ್ ತಗದು, ರೂಮಿಗೆ ಬಂದು ಫುಲ್‌ಸ್ಕೇಪ್ ಹಾಳಿ ಮ್ಯಾಲ ಕನ್ನಡ ಮಾಡಿ, ಸಿಡಿ ಜೋಡಿ ಆಕಿಗೆ ಮುಟ್ಟಿಸಿದೆ. ಎಂಟು ದಿನಕ್ಕ ಹಾಳಿ ವಾಪಸ್ ಬಂತು. ನಾ ಬರೆದ ‘ನೀ’, ‘ನಿನ್ನ’, ‘ನಿನಗ’ ಎಲ್ಲಾದಕ್ಕೂ ಪೆನ್ಸಿಲ್ಲಿಲೆ ಸುತ್ತು ಹಾಕಿದ್ಳು. 17 ಸುತ್ತು. ‘ನಾ’ ಅನ್ನೋದಕ್ಕ ಅಡಿಗೆರಿ, 5. ನಡುವಿನ ಒಂದು ಸಾಲಿನ ಬಾಜೂಕ ಸಣ್ಣಗ ‘ಯಾವಾಗ?’ ಅಂತ. ತೆಳಗ ಇಷ್ಟೇ: ‘ಇದು ಹರದೇಶಿ ಆಯ್ತು. ನಾಗೇಶಿ ನಾ ಹಾಡಂಗಿಲ್ಲ.’ ಹರದೇಶಿ-ನಾಗೇಶಿ ಅಂದ್ರ ಏನು ಅಂತ ಮುಂದ ಹೇಳ್ತೀನಿ. ಆಮ್ಯಾಲ ನಮ್ಮ ನಡುವ ಮಾತೇ ಆಗಲಿಲ್ಲ.

ಆ ‘ಯಾವಾಗ?’ ಯಾಕ ಬಂತು ಅನ್ನೋದು ತಿಳೀರಿ, ನಿಮ್ಮ ಕೆಲಸಕ್ಕ ಬರೋದು ಅದೇ. ಮೂಲದಾಗ ಮಾತು ಹಿಂಗದ: ಕೊಡಲಿಕ್ಕೆ ಆಗೋದಿದ್ರ ನನ್ನ ಲೋಕಾನೇ ನಿನಗ ಕೊಡ್ತಿದ್ದೆ, ನೀ ತಗೊಳ್ಳೋದೇ ಇಲ್ಲ ಅಂದ್ರ ಹ್ಯಾಂಗ ಕೊಡಲಿ. ಮೊದಲಿನ ತುಂಡು ಷರತ್ತು, ಕೊನೀ ತುಂಡು ತಕರಾರು. ಸಾಲು ಉದ್ದ ಆಗ್ತದ, ರಾಗಕ್ಕ ಕೂಡಂಗಿಲ್ಲ ಅನಿಸಿ ನಾ ‘ಆಗೋದಿದ್ರ’ ಅನ್ನೋದನ್ನ ಕೈಬಿಟ್ಟೆ. ಉಳಿದದ್ದು ‘ನನ್ನ ಲೋಕಾನೇ ನಿನಗ ಕೊಡ್ತಿದ್ದೆ’. ಕನ್ನಡದಾಗ ಈ ‘ಕೊಡ್ತಿದ್ದೆ’ ಅನ್ನೋ ರೂಪಕ್ಕ ಎರಡು ಕೆಲಸ ಅವ. ‘ದಿನಾ ಸಂಜಿಗೆ ಫೋನ್ ಮಾಡ್ತಿದ್ದೆ’ ಅಂದ್ರ ರೂಢಿ, ಖರೆ ನಡೆದದ್ದು. ‘ನಂಬರ್ ಇದ್ದಿದ್ರ ಫೋನ್ ಮಾಡ್ತಿದ್ದೆ’ ಅಂದ್ರ ನಡೀಲಾರದ್ದು. ಎರಡನ್ನ ಬ್ಯಾರೆ ಮಾಡೋದು ಆ ‘ಇದ್ದಿದ್ರ’ ಒಂದೇ. ಅದನ್ನ ನಾ ತಗದಿದ್ದಕ್ಕ ಆಕಿ ಓದಿದ್ದು ‘ಇಷ್ಟು ದಿನ ನಿನಗ ನನ್ನ ಲೋಕಾನೇ ಕೊಡ್ತಾ ಬಂದೆ’ ಅಂತ. ಎಂದೂ ಕೊಡದವ ಕೊಟ್ಟೆ ಅಂತ ಎತ್ತಿ ಆಡಿದಂಗ ಆಯ್ತು. ಯಾವಾಗ ಕೊಟ್ಟಿ ಅಂತ ಕೇಳಿದ್ಳು. ಕೇಳಲೇಬೇಕಿತ್ತು.

ಇಂಗ್ಲಿಷಿನ ‘ವುಡ್’ಗೂ ಇವೇ ಎರಡು ಕೆಲಸ. ಅದಕ್ಕ ‘ವುಡ್’ ಕಂಡಲ್ಲಿ ನಿಂತು ‘ಇಫ್’ ಎಲ್ಲದ ಅಂತ ಹುಡುಕ್ರಿ. ಎಷ್ಟೋ ಹಾಡಿನಾಗ ಅದು ಎರಡು ಸಾಲು ಮ್ಯಾಲ ಇರ್ತದ, ಕೆಲವುದರಾಗ ಬಾಯಿಬಿಟ್ಟು ಹೇಳಿರೋದೇ ಇಲ್ಲ. ಇನ್ನೊಂದು, ಇದೇ ಸಾಲು ಕೆಲವು ಪ್ರತಿಯಾಗ ‘ಬೇಬಿ’ ಅಂತ, ಕೆಲವುದರಾಗ ‘ಮೇಬಿ’ ಅಂತ ಸಿಗ್ತದ. ಸಣ್ಣ ಫರಕ್ ಅಲ್ಲ. ‘ಮೇಬಿ’ ಅಂದ್ರ ‘ಕೊಡ್ತಿದ್ದೆನೇನೋ’. ಆ ‘ಏನೋ’ ಬಂದ ಕೂಡಲೇ ವಚನ ಸಡಿಲ ಆಗ್ತದ. ಒಂದೇ ಕಡೆ ಸಿಕ್ಕ ಸಾಹಿತ್ಯ ನಂಬಬ್ಯಾಡ್ರಿ. ಎರಡು ಮೂರು ಪ್ರತಿ ಮುಂದಿಟ್ಟುಕೊಂಡು, ಇಯರ್‌ಫೋನ್ ಹಾಕಿ, ಅನುಮಾನ ಬಂದ ಸಾಲನ್ನ ನಾಕೈದು ಸಲ ಕೇಳಿ ಖಾತ್ರಿ ಮಾಡಿಕೊಳ್ರಿ.

ಪಲ್ಲವಿಯನ್ನ ನಾ ‘ನಿನ್ನ ದಾರಿ ನೀ ನೋಡ್ಕೋ’ ಅಂತ ಮಾಡಿದ್ದೆ, ಆಕಿಗೆ ಸ್ವಾತಂತ್ರ್ಯ ಕೊಟ್ಟಂಗ ಅಂತ ತಿಳಕೊಂಡು. ಈ ಮಾತು ನಮ್ಮ ಕಡೆ ಯಾವಾಗ ಆಡ್ತಾರ? ಹೊಲ ಪಾಲು ಮಾಡಿ ಮಗನ್ನ ಬ್ಯಾರೆ ಹಾಕುವಾಗ. ಮೂಲದ ಧಾಟಿಯೂ ಅದೇ. ಎರಡನೇ ಚರಣದಾಗಂತೂ ಗಂಟು ಕಟ್ಟಿಕೊಂಡು ಇನ್ನೊಬ್ಬರ ಜೋಡಿ ಇರೋದೇ ನಿನಗ ಬೇಕಾಗಿರೋದು ಅಂತ ನೇರ ಆರೋಪ ಅದ. ಆ ಸಾಲು ತಗಿ ಅಂತ ನಿಕ್ಸ್ ಕೇಳಿದ್ಳು, ಬಕಿಂಗ್‌ಹ್ಯಾಮ್ ತಗೀಲಿಲ್ಲ. ಮ್ಯಾಲ ಪಲ್ಲವಿಗೆ ಆಕಿನೇ ದನಿಗೂಡಿಸಬೇಕಾಯ್ತು. ತನ್ನ ಮ್ಯಾಲಿನ ತಕರಾರಿಗೆ ತಾನೇ ಹಿಮ್ಮೇಳ.

ಈಗ ಹರದೇಶಿ-ನಾಗೇಶಿ ಮಾತು. ಗೀಗೀ ಪದದ ಮೇಳ ಕೇಳಿದವರಿಗೆ ಹೇಳಬೇಕಾಗಿಲ್ಲ, ಕೇಳದವರಿಗೆ: ಹರದೇಶಿಯವರು ಗಂಡು ಹೆಚ್ಚು ಅಂತ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಪಕ್ಷ ಹಿಡಿದು, ದಪ್ಪು-ತುಂತುಣಿ ಜೋಡಿ ಸವಾಲ್ ಜವಾಬ್ ಹಾಡ್ತಾರ. ಹರದೇಶಿ ಹಾಡಿದವ ಮನ್ಯಾಗ ಹೆಂಡತಿ ಜೋಡಿ ಹ್ಯಾಂಗ ಇದ್ದಾನ ಅಂತ ಯಾರೂ ಕೇಳಂಗಿಲ್ಲ. ಅಂವ ಒಂದು ಪಕ್ಷ ಹಾಡ್ಯಾನ, ಇನ್ನೊಂದು ಪಕ್ಷದ ಉತ್ತರ ಬರೋದದ ಅಂತ ಎಲ್ಲರಿಗೂ ಗೊತ್ತು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನ್ನ ಗಂಡ ಅಂದ್ರ ನಾವು ಮದುವಿ ಪತ್ರ ಹುಡುಕಂಗಿಲ್ಲ. ಬಂದೇನವಾಜ್ ಉರುಸಿನಾಗ ಕವ್ವಾಲಿಯವರು ಉರ್ದುವಿನಾಗ ‘ಯಾರ್’ (ಗೆಳೆಯ, ಪ್ರಿಯ) ಅಂದ್ರ ಯಾವ ಹುಡುಗಿ ಅಂತ ಕೇಳಂಗಿಲ್ಲ. ಹಾಡಿನ ‘ನಾನು’, ‘ನೀನು’ ಅಂದ್ರ ಏನು ಅನ್ನೋದರಾಗ ಇಷ್ಟು ಪಳಗಿದ ಕಿವಿ ನಮ್ಮದು. ಇಂಗ್ಲಿಷ್ ರಾಕ್ ಬಂದ ಕೂಡಲೇ ಮಾತ್ರ ‘ಯಾರ ಮ್ಯಾಲ, ಯಾರ ಮ್ಯಾಲ’ ಅಂತ ಬೆನ್ನು ಹತ್ತತೀವಿ. ನನಗ ಇದು ಭಾಳ ಬ್ಯಾಸರ ತರಸ್ತದ.

ಆಕಿ ಬರೆದದ್ದು ಎಷ್ಟು ಸರಿ ಇತ್ತು ಅನ್ನೋದು ತಡವಾಗಿ ತಿಳೀತು. ನಾಗೇಶಿ ಅದೇ ಆಲ್ಬಮ್ಮಿನಾಗ ಇತ್ತು, ನಿಕ್ಸ್ ಬರೆದ ‘ಡ್ರೀಮ್ಸ್’. ಬಹುಪಾಲು ಎರಡೇ ಕಾರ್ಡಿನ (ಕೂಡಿ ನುಡಿಸೋ ಸ್ವರಗಳ ಗುಂಪಿನ) ಮ್ಯಾಲ, ದನಿ ಏರಿಸದ ಹಾಡು: ನಿನಗ ಸ್ವಾತಂತ್ರ್ಯ ಬೇಕಲ್ಲ, ತಡಿಯಲಿಕ್ಕೆ ನಾ ಯಾರು, ಆದ್ರ ಒಂಟಿಯಾದಾಗ ಕಳಕೊಂಡದ್ದು ನೆನಪಾಗ್ತದ. ಮೆತ್ತಗಿದ್ರೂ ಇದೂ ಎಚ್ಚರಿಕಿನೇ, ಕ್ಷಮೆ ಅಲ್ಲ. ನಿಮ್ಮ ಎರಡನೇ ಆಯ್ಕೆಗೆ ಉತ್ತರ ಇಷ್ಟೇ. ಇನ್ನ ‘ಗೋ ಯುವರ್ ಓನ್ ವೇ’ ಸಿಂಗಲ್ ರೆಕಾರ್ಡನ್ನ, ಅಂದ್ರ ಮುಖಕ್ಕೊಂದು ಹಾಡಿನ ತಟ್ಟಿಯನ್ನ, ತಿರುವಿ ಹಾಕಿದ್ರ ಹಿಂದಿನ ಮುಖದಾಗ ನಿಕ್ಸ್‌ದೇ ‘ಸಿಲ್ವರ್ ಸ್ಪ್ರಿಂಗ್ಸ್’ ಇತ್ತು, ಆಲ್ಬಮ್ಮಿನಿಂದ ಹೊರಗ ಉಳಿದ ಹಾಡು. ನನ್ನ ದನಿ ನಿನ್ನ ಬಿಡಂಗಿಲ್ಲ ಅಂತಾಳ ಅದರಾಗ. ಒಂದು ಮುಖಕ್ಕ ಸವಾಲ್, ಇನ್ನೊಂದಕ್ಕ ಜವಾಬ್. 1997ರ ‘ದಿ ಡಾನ್ಸ್’ ಕಾರ್ಯಕ್ರಮದಾಗ ಆಕಿ ಬಕಿಂಗ್‌ಹ್ಯಾಮ್ ಕಡೆ ತಿರುಗಿ ಅದನ್ನ ಹಾಡಿದ್ದು ನೋಡ್ರಿ, ಸವಾಲ್ ಜವಾಬ್ ಅಂದ್ರ ಏನಂತ ತಿಳೀತದ.

ಅರ್ಥ ಮಾಡೋ ಕೆಲಸ ಹ್ಯಾಂಗ? ಮೊದಲು ಸಾಹಿತ್ಯ ನಿಮ್ಮ ಕೈಲೆ ಬರೀರಿ, ಸಾಲಿಗೊಂದು ಸಾಲು ಖಾಲಿ ಬಿಟ್ಟು. ‘ಐ’, ‘ಮಿ’, ‘ಮೈ’ಗೆ ಕೆಂಪು, ‘ಯು’, ‘ಯುವರ್’ಗೆ ನೀಲಿ. ಎಣಿಸ್ರಿ. ಬರೇ ಎಣಿಕಿ ಸಾಲಂಗಿಲ್ಲ. ಕೆಟ್ಟ ಕೆಲಸದ ಕ್ರಿಯಾಪದ ಯಾರ ಪಾಲಿಗೆ ಬಂದದ ನೋಡ್ರಿ. ಬಿಟ್ಟು ಹೋದದ್ದು, ಸುಳ್ಳು ಹೇಳಿದ್ದು, ತಗೊಳ್ಳದೇ ಇದ್ದದ್ದು ಎಲ್ಲಾ ‘ಯು’ ಮಾಡಿದ್ರ, ‘ಐ’ಗೆ ಬರೇ ನೋವು ಪಡೋದು, ಕಾಯೋದು ಉಳಿದಿದ್ರ, ರಾಗ ಎಷ್ಟೇ ಅಳಸ್ಲಿ, ಅದು ತಕರಾರು. ಆಮ್ಯಾಲ ಪಲ್ಲವಿ ಎಷ್ಟು ಸಲ ಬರ್ತದ ಗುರುತು ಮಾಡಿ, ಪ್ರತಿ ಸಲ ಅದರ ಹಿಂದಿನ ಚರಣ ಏನು ಹೇಳಿತ್ತು ಓದ್ರಿ. ಮಾತು ಅದೇ ಇದ್ರೂ ಎರಡನೇ ಸಲಕ್ಕ ಅರ್ಥ ಸರಿದಿರ್ತದ. ಬ್ರಿಜ್ ಇದ್ರ ಅದನ್ನ ಎಲ್ಲಾದಕ್ಕಿಂತ ಹೆಚ್ಚು ಸಲ ಓದ್ರಿ. ಸಾಮಾನ್ಯವಾಗಿ ಎರಡನೇ ಪಲ್ಲವಿ ಆದಮ್ಯಾಲ ಒಂದೇ ಸಲ ಬರೋ ಭಾಗ ಅದು, ಧಾಟಿ ಬದಲಾಗ್ತದ, ಅಲ್ಲಿತನಕ ಮುಚ್ಚಿಟ್ಟ ಮಾತು ಅಲ್ಲೇ ಬಾಯಿಗೆ ಬರ್ತದ.

ಕನ್ನಡದ್ದೇ ಒಂದು ಪರೀಕ್ಷಾ ಅದ, ನಾ ಇವತ್ತಿಗೂ ಇದನ್ನೇ ನಂಬೋದು. ಸಾಲನ್ನ ‘-ಬೇಕಿತ್ತು’, ‘-ಬಾರದಿತ್ತು’ಕ್ಕ ತಿರುಗಿಸಿ ನೋಡ್ರಿ. ‘ನಾ ಕೇಳಬೇಕಿತ್ತು’, ‘ನಾ ಹಂಗನಬಾರದಿತ್ತು’ ಅಂತ ಕೂತ್ರ ಪಶ್ಚಾತ್ತಾಪ. ‘ನೀ ಹೇಳಬೇಕಿತ್ತು’ ಅಂತ ಕೂತ್ರ ದೂರು. ‘ಹಂಗಾಗಬಾರದಿತ್ತು’ ಅಂತ ಕೂತ್ರ ಹುಷಾರ್, ಅಲ್ಲಿ ಮಾಡಿದವನೇ ಇಲ್ಲ. ಇಂಗ್ಲಿಷಿನ ‘ಸಾರಿ’ ಎಷ್ಟೋ ಹಾಡಿನಾಗ ಈ ಮೂರನೇದೇ. ಅದನ್ನ ‘ತಪ್ಪಾಯ್ತು’ ಅಂತ ಕನ್ನಡ ಮಾಡಿದ್ರ ಹಾಡಿನಾಗ ಇರಲಾರದ ಒಳ್ಳೆತನ ನೀವು ಸೇರಿಸಿದಂಗ. ಪರೀಕ್ಷಾ ಒಂದು ಕಡೆ ಮೋಸ ಮಾಡ್ತದ. ಪಿಂಕ್ ಫ್ಲಾಯ್ಡ್ 1975ರಾಗ ತಂದ ‘ವಿಶ್ ಯು ವರ್ ಹಿಯರ್’ ಹೆಸರನ್ನ ತಿರುಗಿಸಿದ್ರ ‘ನೀ ಇಲ್ಲಿ ಇರಬೇಕಿತ್ತು’ ಅಂತ ಬರ್ತದ, ‘ನೀ’ ಇದ್ರೂ ದೂರಲ್ಲ, ಬರೇ ಹಂಬಲ. ‘ಹೇಳು’, ‘ಕೊಡು’, ‘ಬಿಡು’ ಅನ್ನೋ ಮಾಡೋ ಕ್ರಿಯೆಗಷ್ಟೇ ಪರೀಕ್ಷಾ ನಡೀತದ, ‘ಇರು’ಗೆ ನಡಿಯಂಗಿಲ್ಲ. ಅಂದಂಗ ಆ ‘ನೀ’ ಪ್ರೇಯಸಿನೂ ಅಲ್ಲ. ಬ್ಯಾಂಡು ಕಟ್ಟಿದವರೊಳಗ ಒಬ್ಬ, ಮನಸ್ಸಿನ ಆರೋಗ್ಯ ಕೆಟ್ಟು 1968ರಾಗ ಹೊರಗ ಬಿದ್ದ ಸಿಡ್ ಬ್ಯಾರೆಟ್ ಆ ಹಾಡಿನ ಹಿಂದ ಇದ್ದಾನ.

ಹಂಗಾದ್ರ ಬರೆದವರ ಕಥಿ ಬ್ಯಾಡೇ ಬ್ಯಾಡೇನು? ಬೇಕು, ಕೊನಿಗೆ. ನೈನ್ ಇಂಚ್ ನೇಲ್ಸ್ ಬ್ಯಾಂಡಿನ ಟ್ರೆಂಟ್ ರೆಜ್ನರ್ 1994ರಾಗ ‘ಹರ್ಟ್’ ತಂದಾಗ ಅಂವಗ ಇನ್ನೂ 30 ತುಂಬಿರಲಿಲ್ಲ. 2002ರಾಗ ಹಾಡುಗಾರ ಜಾನಿ ಕ್ಯಾಶ್ 70ರ ವಯಸ್ಸಿನಾಗ, ಒಂದು ಬೈಗುಳದ ಶಬ್ದ ಬದಲಿಸಿ, ಉಳಿದ ಮಾತು ಹಂಗೇ ಇಟ್ಟು ಹಾಡಿದ. ಹುಡುಗನ ಬಾಯಾಗ ತನ್ನನ್ನ ತಾ ಸುಟ್ಟುಕೊಳ್ಳೋ ಹಾಡು, ಮುದುಕನ ಬಾಯಾಗ ಲೆಕ್ಕ ಮುಗಿಸೋ ಹಾಡು ಆಯ್ತು. ಈಗ ಯಾರ ಜೀವನದ ಮ್ಯಾಲಿಂದ ಅರ್ಥ ಮಾಡ್ತೀರಿ?

ಮಾತೇ ಇರಲಾರದ ಕಡೆನೂ ಕಿವಿ ಇಡ್ರಿ. 1970ರ ‘ಲೈಲಾ’ ಕೇಳ್ರಿ, ಎರಿಕ್ ಕ್ಲಾಪ್ಟನ್ ಪರ್ಷಿಯನ್ ಕವಿ ನಿಜಾಮಿಯ ಲೈಲಾ-ಮಜ್ನೂ ಕಥಿಯಿಂದ ಹೆಸರು ತಗೊಂಡದ್ದು, ಗೆಳೆಯನ ಹೆಂಡತಿ ಮ್ಯಾಲಿನ ಆಸೆ. ಸುಮಾರು ಏಳು ನಿಮಿಷದ ಹಾಡಿನಾಗ ಹತ್ತಿರತ್ತಿರ ಅರ್ಧ ಬರೇ ಪಿಯಾನೊ, ಗಿಟಾರ್. ಮೊದಲ ಅರ್ಧ ಬೇಡ್ತದ, ಎರಡನೇ ಅರ್ಧ ಸಿಗಲಿಲ್ಲ ಅಂತದ. ಹಾಳಿ ಮ್ಯಾಲ ಓದಿದವರಿಗೆ ಅದು ಸಿಗಂಗೇ ಇಲ್ಲ. ‘ಗೋ ಯುವರ್ ಓನ್ ವೇ’ದಾಗೂ ಕೊನಿಗೆ ಉಳಿಯೋದು ಗಿಟಾರೇ, ತಗ್ಗೋದಿಲ್ಲ, ಏರ್ತಾನೇ ಹೋಗ್ತದ. ತಪ್ಪಾಯ್ತು ಅನ್ನೋ ಮನುಷ್ಯ ಹಂಗ ಬಾರಸಂಗಿಲ್ಲ.

ನಿಮ್ಮ ಕೆಲಸಕ್ಕ ಬರೋಣ. ಒಂದು ಹಾಳಿ ತಗೊಂಡು ನಾಕು ಸಾಲು ಬರೀರಿ, ಪ್ರತಿ ಸಾಲೂ ‘ನಾ’ದಿಂದ ಸುರು, ‘-ಬೇಕಿತ್ತು’ ಇಲ್ಲಾ ‘-ಬಾರದಿತ್ತು’ದಿಂದ ಮುಗಿಬೇಕು, ಒಳಗ ನಡೆದ ಒಂದು ದಿನ, ಒಂದು ಕೆಲಸ ಇರಬೇಕು. ‘ನಾ ಆ ಸೋಮವಾರ ನಿನ್ನ ಫೋನ್ ಎತ್ತಬೇಕಿತ್ತು’ ಅನ್ನೋವಂಥದ್ದು. ಎಲ್ಲೂ ‘ಆದ್ರ’ ಬರಬಾರದು. ಬರೆದ ಮ್ಯಾಲ ನೀವೇ ಪೆನ್ಸಿಲ್ ತಗೊಂಡು ‘ನೀ’, ‘ನಿನ್ನ’ಕ್ಕೆಲ್ಲಾ ಸುತ್ತು ಹಾಕಿ ಎಣಿಸ್ರಿ, ‘ನಾ’ಕ್ಕಿಂತ ಹೆಚ್ಚಾಗಿದ್ರ ಹರಿದು ಮತ್ತ ಬರೀರಿ. ಕೊಡುವಾಗ ಹಾಡಿನ ಲಿಂಕು ಜೋಡಿಸಬ್ಯಾಡ್ರಿ. ಆಕಿಗೆ ‘ಡ್ರೀಮ್ಸ್’ ಬೇಕಾದ್ರ ಆಕಿನೇ ಹಚ್ಚಿಕೊಂಡು ಕೇಳ್ತಾಳ.