ಜೀನ್‌ಗಳ ಹೆಸರು ಸಾಲದು, ಪ್ರಯೋಗವನ್ನು ಬರೆಯಿರಿ

ಮಾನ್ಯರೇ,

ಜೀಬ್ರಾ ಮೀನಿನ ಭ್ರೂಣದಲ್ಲಿ ಹೃದಯ ರೂಪುಗೊಳ್ಳುವುದನ್ನು ಜೀನ್‌ಗಳು ಹೇಗೆ ನಿಯಂತ್ರಿಸುತ್ತವೆ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಇಂಥ ಜೀನ್ ಹೃದಯವನ್ನು ಆರಂಭಿಸುತ್ತದೆ, ಇಂಥದು ಬೆಳೆಸುತ್ತದೆ ಎಂಬ ವಾಕ್ಯಗಳು ಪುಟದುದ್ದಕ್ಕೂ ಸಾಲುಗಟ್ಟಿವೆ. ಅದು ತಿಳಿದದ್ದು ಹೇಗೆಂಬುದು ಮಾತ್ರ ಎಲ್ಲಿಯೂ ಇಲ್ಲ. ಈ ಮೀನನ್ನೇ ಆರಿಸಿದ್ದೇಕೆ ಎಂಬುದಕ್ಕೂ ಭ್ರೂಣ ಪಾರದರ್ಶಕವೆಂಬ ಒಂದೇ ಕಾರಣ ಕೊಟ್ಟಿದ್ದೀರಿ. ಮೊದಲ ಕೆಲವು ದಿನ ಈ ಭ್ರೂಣಕ್ಕೆ ಆಮ್ಲಜನಕವು ಸುತ್ತಲಿನ ನೀರಿನಿಂದಲೇ ಒಳಸೇರುವುದರಿಂದ, ಟ್ರೊಪೊನಿನ್ ಟಿ ಜೀನ್ ಕೆಟ್ಟು ಹೃದಯವೇ ಮಿಡಿಯದ 'ಸೈಲೆಂಟ್ ಹಾರ್ಟ್' ಭ್ರೂಣವೂ ಕೆಲವು ದಿನ ಬದುಕಿದ್ದು ಪರೀಕ್ಷೆಗೆ ಸಿಗುತ್ತದೆ ಎಂಬುದನ್ನು ಹೇಳದೆ ಬಿಟ್ಟಿದ್ದೀರಿ.

'ಮೈಲ್ಸ್ ಅಪಾರ್ಟ್' ಜೀನನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ಲೇಖನದ ಜೀವ ಅಲ್ಲಿದೆ. ಸಹಜ ಭ್ರೂಣದ ಎಡಬಲಗಳಲ್ಲಿ ಹುಟ್ಟುವ ಹೃದಯಕೋಶಗಳು ನಡುರೇಖೆಗೆ ಸರಿದು ಒಂದು ಕೊಳವೆಯಾಗಿ, ಫಲಿತವಾದ ಸುಮಾರು 24 ಗಂಟೆಗಳ ಹೊತ್ತಿಗೆ ಮಿಡಿಯತೊಡಗುತ್ತವೆ. ಈ ಜೀನ್ ಕೆಟ್ಟ ಭ್ರೂಣದಲ್ಲಿ ಅವು ಕೂಡುವುದೇ ಇಲ್ಲ. ಎರಡು ಹೃದಯಗಳು ಬೇರೆಬೇರೆಯಾಗಿ ಮಿಡಿಯುತ್ತವೆ. ದೋಷವಿರುವುದು ಸರಿಯಬೇಕಾದ ಕೋಶಗಳಲ್ಲೋ, ಅವು ಸಾಗುವ ದಾರಿಯಲ್ಲೋ? 2000ದಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಕೋಶಗಳನ್ನು ಅದಲುಬದಲು ಮಾಡಿ ನೆಟ್ಟು ನೋಡಿದರು: ದೋಷವುಳ್ಳ ಕೋಶಗಳು ಸಹಜ ಭ್ರೂಣದಲ್ಲಿ ನಡುರೇಖೆಗೆ ತಲುಪಿದವು, ಸಹಜ ಕೋಶಗಳು ದೋಷವುಳ್ಳ ಭ್ರೂಣದಲ್ಲಿ ತಲುಪಲಿಲ್ಲ. ಎಂದರೆ ಆ ಜೀನಿನ ಕೆಲಸ ನಡೆಯುವುದು ಹೃದಯಕೋಶಗಳ ಹೊರಗೆ. "ಹೃದಯಕೋಶಗಳಿಗೆ ಚಲಿಸುವ ಶಕ್ತಿ ಕೊಡುವ ಜೀನ್" ಎಂಬ ನಿಮ್ಮ ವಾಕ್ಯ ಹಾಗಾಗಿ ತಪ್ಪು. ಈ ಪ್ರಯೋಗವನ್ನು ಬಿಡಿಸಿ ಬರೆಯಿರಿ; ಉಳಿದ ಜೀನ್‌ಗಳಲ್ಲಿ ಅರ್ಧದಷ್ಟನ್ನು ಬಿಟ್ಟರೂ ನಷ್ಟವಿಲ್ಲ.

ಜೀನನ್ನು ಕೆಡಿಸದೆ ಅದರ ಕೆಲಸವನ್ನಷ್ಟೇ ಕೆಲಕಾಲ ತಡೆಯುವ ಮಾರ್ಫೊಲಿನೊ ಎಂಬ ಅಣುವನ್ನು ಚುಚ್ಚಿದ ಭ್ರೂಣದಲ್ಲಿ ಹೃದಯದ ಸುತ್ತ ನೀರು ತುಂಬಿದ್ದನ್ನೇ ನೀವು ಪುರಾವೆ ಎಂದಿದ್ದೀರಿ. ಭ್ರೂಣ ಬೇರಾವ ಕಾರಣಕ್ಕೆ ಸೊರಗಿದರೂ ಹಾಗಾಗಬಹುದು. ಜೀನನ್ನೇ ಕೆಡಿಸಿದ ಮೀನಿನಲ್ಲೂ ಅದೇ ದೋಷ ಕಂಡಿದೆಯೇ ಎಂಬುದನ್ನು ಹೇಳದೆ ಆ ಭಾಗ ನಿಲ್ಲದು.

ಕೊನೆಯಲ್ಲಿ ಹೃದ್ರೋಗಕ್ಕೆ ಚಿಕಿತ್ಸೆ ಸಮೀಪಿಸಿದೆ ಎಂಬ ಭರವಸೆಯನ್ನು ತೆಗೆದುಬಿಡಿ. ಟಿಬಿಎಕ್ಸ್5 ಎಂಬ ಜೀನ್ ಕೆಟ್ಟರೆ ಮೀನಿನಲ್ಲಿ ಹೃದಯದೊಂದಿಗೆ ಎದೆಯ ಈಜುರೆಕ್ಕೆಗೂ, ಮನುಷ್ಯರಲ್ಲಿ ಹೃದಯದೊಂದಿಗೆ ಕೈಗಳಿಗೂ ದೋಷ ತಗಲುತ್ತದೆ. ಎರಡನೆಯದು ಹೋಲ್ಟ್-ಓರಮ್ ಸಿಂಡ್ರೋಮ್. ಮನುಷ್ಯರ ಮಾತು ಬೇಕೆಂದಿದ್ದರೆ ಆ ಸ್ಥಳದಲ್ಲಿ ಇದನ್ನು ಬರೆಯಿರಿ.

ಇಂತಿ,
ಸಂಪಾದಕ