ಡಾಕ್ಟರ್ ಹೇಳಿದ್ದನ್ನು ಮಾಡುವುದಷ್ಟೇ ನರ್ಸ್ ಕೆಲಸವಾ?

ಅಲ್ಲ. ಔಷಧಿ ಬರೆಯುವುದು ಡಾಕ್ಟರ್, ನಿಜ. ಆದರೆ ರೌಂಡ್ಸ್ ಮುಗಿಸಿ ಅವರು ಹೋದ ಮೇಲೆ ಇಡೀ ದಿನ ರೋಗಿಯ ಪಕ್ಕದಲ್ಲಿರುವವರು ಯಾರು?

ನಾನು ಕಾಸರಗೋಡಿನಲ್ಲಿ ನರ್ಸ್. ಒಮ್ಮೆ ಬದಿಯಡ್ಕ ಕಡೆಯ ಅಜ್ಜಿಯೊಬ್ಬರು ವಾರ್ಡಿನಲ್ಲಿದ್ದರು, ಮಲಯಾಳ ಬಾರದು, ಏನು ಕೇಳಿದರೂ ಸುಮ್ನೆ ತಲೆ ಆಡಿಸುತ್ತಿದ್ದರು, ಹಾಗಾಗಿ ನೋವೇನೂ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಕನ್ನಡದಲ್ಲಿ "ಎಲ್ಲಿ ನೋಯ್ತದೆ ಅಜ್ಜಿ?" ಅಂದೆ. ಸೊಂಟದ ಕೆಳಗೆ ಉರಿ ಅಂದರು. ಮಗ್ಗುಲಾಗಿಸಿ ನೋಡಿದರೆ ಚರ್ಮ ಕೆಂಪು, ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳಲಿಲ್ಲ. ಹಾಸಿಗೆ ಹುಣ್ಣಿನ ಶುರು ಅದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಒದ್ದೆಯಾಗದಂತೆ ನೋಡಿಕೊಳ್ಳುವುದು, ಸಂಜೆ ಮತ್ತೆ ಒತ್ತಿ ನೋಡುವುದು, ಇದನ್ನೆಲ್ಲ ಶುರು ಮಾಡಲು ಯಾರ ಚೀಟಿಗೂ ಕಾಯಬೇಕಿಲ್ಲ.

ನಮ್ಮ ಪಾಠದಲ್ಲಿ ಇದಕ್ಕೆ ನರ್ಸಿಂಗ್ ಪ್ರೊಸೆಸ್ ಅಂತ ಹೆಸರು. ಐದು ಹೆಜ್ಜೆ: ಪರಿಶೀಲಿಸು, ತೊಂದರೆ ಗುರುತಿಸು, ಯೋಜನೆ ಹಾಕು, ಮಾಡು, ಗುಣ ಕಂಡಿತಾ ನೋಡು.

ಇನ್ನು ಡಾಕ್ಟರ್ ಬರೆದ ಡೋಸ್ ಜಾಸ್ತಿ ಅನ್ನಿಸಿದರೆ ಕೊಡುವ ಮೊದಲು ಕೇಳಲೇಬೇಕು. "ಅವರೇ ಬರೆದದ್ದು" ಅಂತ ಆಮೇಲೆ ಹೇಳಿ ಜಾರಿಕೊಳ್ಳಲು ಆಗುವುದಿಲ್ಲ. ಮನೆಗೆ ಹೋಗುವವರಿಗೆ ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಸುವವರೂ ನಾವೇ.

ಲಂಡನ್ನಿನಲ್ಲಿ ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ನರ್ಸಿಂಗ್ ಶಾಲೆ ತೆರೆದದ್ದು ಇದು ಕಲಿತು ಮಾಡುವ ಕೆಲಸ ಅಂತಲೇ. ನಮ್ಮಲ್ಲಿ 1947ರಲ್ಲೇ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಮಂಗಳೂರಿನಲ್ಲಿ ಕಲಿತು ಇಲ್ಲಿ ಕೆಲಸಕ್ಕೆ ಸೇರುವ ನಮ್ಮೂರ ಮಕ್ಕಳೇ, ಕೇರಳದ ನರ್ಸಿಂಗ್ ಕೌನ್ಸಿಲ್‌ನಲ್ಲೂ ಹೆಸರು ನೋಂದಾಯಿಸಿಕೊಳ್ಳಲು ಮರೆಯಬೇಡಿ.